ಬಣ್ಣ ಹಚ್ಚಿದ ಮೇಲೂ ಅದು ಅದೇ ಆಂಟಿಬಾಡಿಯೇ?

(ಕಾರವಾರದಲ್ಲಿ ಡಿಗ್ರಿ ವಿದ್ಯಾರ್ಥಿಗಳು, ಲ್ಯಾಬ್ ಟೆಕ್ನಿಷಿಯನ್ನರು, ಒಂದಿಷ್ಟು ಡಾಕ್ಟರುಗಳು ಮತ್ತು ಸುಮ್ನೆ ಕುತೂಹಲಕ್ಕೆ ಬಂದವರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನೇರವಾಗಿ ವಿಷಯಕ್ಕೆ ಬರುತ್ತೇನೆ. ಆಂಟಿಬಾಡಿಗೆ ಹೊಳೆಯುವ ಬಣ್ಣ ಅಂಟಿಸಿದರೆ ಅದು ಮೊದಲಿನ ಆಂಟಿಬಾಡಿಯಾಗಿ ಉಳಿಯುವುದಿಲ್ಲ. ಅದೊಂದು ಹೊಸ ಸಾಮಾನು. ಹೊಸ ಸಾಮಾನನ್ನು ಹೇಗೆ ಪರೀಕ್ಷೆ ಮಾಡಿ ಬಳಸುತ್ತೇವೋ ಇದನ್ನೂ ಹಾಗೇ ಬಳಸಬೇಕು. ಆದರೆ ಜಾಸ್ತಿ ಜನ ಹಾಗೆ ಮಾಡುವುದಿಲ್ಲ. "ಈ ಆಂಟಿಬಾಡಿ ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದೆ, ಈಗ ಅದನ್ನೇ ಬಣ್ಣ ಹಚ್ಚಿದ ರೂಪದಲ್ಲಿ ತರಿಸಿದ್ದೇವೆ, ಏನೂ ಕಾಣ್ತಿಲ್ಲ, ಮೈಕ್ರೋಸ್ಕೋಪ್ ಕೆಟ್ಟಿದೆಯಾ ನೋಡಿ" ಅಂತ ಫೋನ್ ಬರುತ್ತದೆ. ಮೈಕ್ರೋಸ್ಕೋಪ್ ಸರಿಯಾಗಿಯೇ ಇರುತ್ತದೆ.

ವಿಜ್ಞಾನ ಓದದೆ ಬಂದವರಿಗೆ ಒಂದೆರಡು ಮಾತು. ರೋಗಿಯ ದೇಹದಿಂದ ತೆಗೆದ ಸಣ್ಣ ತುಂಡನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಇಡುತ್ತಾರೆ. ಅದರಲ್ಲಿ ಒಂದು ನಿರ್ದಿಷ್ಟ ಪ್ರೋಟೀನ್ ಎಲ್ಲಿದೆ ಅಂತ ಹುಡುಕಬೇಕು. ಹುಡುಕಿಕೊಡುವುದು ಆಂಟಿಬಾಡಿ. ನಾವಿರುವುದು ಕಡಲ ತೀರದಲ್ಲಿ, ಹಾಗಾಗಿ ಏಡಿಯನ್ನೇ ನೆನಪಿಸಿಕೊಳ್ಳಿ. ಆಂಟಿಬಾಡಿಗೂ ಏಡಿಯ ಹಾಗೆ ಹಿಡಿಯುವ ಕೈ ಎರಡು, ಹಿಂದೆ ಒಂದು ಮೈ. ಮೈಗೆ ಏನಾದರೂ ಅಂಟಿಸಿದರೆ ಅದರ ಕೆಲಸಕ್ಕೆ ಅಡ್ಡಿಯಿಲ್ಲ. ಕೈಗೇ ಅಂಟಿಸಿಬಿಟ್ಟರೆ ಹಿಡಿಯುವುದು ಹೇಗೆ? ನಮ್ಮ ಕಷ್ಟ ಏನೆಂದರೆ ಎಲ್ಲಿ ಅಂಟಬೇಕು ಅಂತ ಬಣ್ಣಕ್ಕೆ ಹೇಳುವ ಸುಲಭದ ದಾರಿ ಇಲ್ಲ.

ಹೊಳೆಯುವುದು ಅಂದಾಗ ಇಲ್ಲಿ ಕೆಲವರಿಗೆ ಬೀಚಿನಲ್ಲಿ ರಾತ್ರಿ ನೀಲಿಯಾಗಿ ಮಿನುಗುವ ಅಲೆ ನೆನಪಾಗಬಹುದು. ಅದು ಬೇರೆ. ಅಲ್ಲಿ ನಾಕ್ಟಿಲೂಕಾದಂಥ ಜೀವಿಗಳು ತಮ್ಮೊಳಗೇ ಬೆಳಕು ಮಾಡಿಕೊಳ್ಳುತ್ತವೆ. ಇಲ್ಲಿ ನಾವು ಹೊರಗಿನಿಂದ ಒಂದು ಬಣ್ಣದ ಬೆಳಕು ಕೊಡುತ್ತೇವೆ, ಅದು ಇನ್ನೊಂದು ಬಣ್ಣದಲ್ಲಿ ವಾಪಸ್ ಬರುತ್ತದೆ. ಫ್ಲೋರೆಸೀನ್ ಅನ್ನುವ ಬಣ್ಣಕ್ಕೆ 495 ನ್ಯಾನೋಮೀಟರಿನ ನೀಲಿ ಬೆಳಕು ಕೊಟ್ಟರೆ 519ರ ಹತ್ತಿರ ಹಸಿರು ಸಿಗುತ್ತದೆ.

ಈ ಕೆಲಸ ಶುರು ಮಾಡಿದವರು ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್. 1941ರಲ್ಲಿ ಅವರ ತಂಡ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಹಿಡಿಯುವ ಆಂಟಿಬಾಡಿಗೆ ಆಂತ್ರಸೀನ್ ಜಾತಿಯ ಬಣ್ಣ ಅಂಟಿಸಿತು. ಬ್ಯಾಕ್ಟೀರಿಯಾ ನೀಲಿಯಾಗಿ ಹೊಳೆಯಿತು. ಆದರೆ ಅಂಗಾಂಶಕ್ಕೆ ತನ್ನದೇ ನೀಲಿ ಹೊಳಪಿದೆ, ಅದರಲ್ಲಿ ಇದು ಕಳೆದೇ ಹೋಗುತ್ತದೆ. ಹಾಗಾಗಿ ಹಸಿರು ಹೊಳೆಯುವ ಫ್ಲೋರೆಸೀನ್‌ಗೆ ಹೋದರು. 1942ರಲ್ಲಿ ಇಲಿಯ ಅಂಗಾಂಶದಲ್ಲಿ ಅದನ್ನು ತೋರಿಸಿದರು. 1958ರಲ್ಲಿ ಬೇರೆಯವರು ಎಫ್‌ಐಟಿಸಿ ಅಂತ ಸುಲಭವಾಗಿ ಅಂಟುವ ರೂಪ ತಂದರು, ಇವತ್ತಿಗೂ ಅದು ಲ್ಯಾಬುಗಳಲ್ಲಿ ಇದೆ. ನೋಡಿ, ಆಂಟಿಬಾಡಿ ಸರಿ ಇದ್ದರೂ ಬಣ್ಣ ತಪ್ಪಿದರೆ ಕೆಲಸ ಕೆಡುತ್ತದೆ ಅನ್ನುವುದು ಮೊದಲ ಪ್ರಯೋಗದಲ್ಲೇ ಗೊತ್ತಾಗಿತ್ತು.

ಈಗ ಬಣ್ಣ ಎಲ್ಲಿ ಅಂಟುತ್ತದೆ ನೋಡೋಣ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವ ಐಜಿಜಿ ಅನ್ನುವ ಜಾತಿಯ ಆಂಟಿಬಾಡಿಯ ತೂಕ ಸುಮಾರು 1,50,000 ಡಾಲ್ಟನ್ (ಅಣುಗಳ ತೂಕದ ಅಳತೆ). ಎಫ್‌ಐಟಿಸಿ ಬರೀ 389. ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಏನು ಮಾಡೀತು ಅಂತ ಅನಿಸುವುದು ಸಹಜ. ಆದರೆ ಕೆಡುಕು ತೂಕದಲ್ಲಿಲ್ಲ, ಜಾಗದಲ್ಲಿದೆ. ಎಫ್‌ಐಟಿಸಿ ಆಗಲಿ ಈಗ ಜಾಸ್ತಿ ಬಳಸುವ ಎನ್‌ಎಚ್‌ಎಸ್ ಎಸ್ಟರ್ ಬಣ್ಣಗಳಾಗಲಿ ಲೈಸಿನ್ ಅನ್ನುವ ಅಮೈನೋ ಆಮ್ಲಕ್ಕೆ ಅಂಟುತ್ತವೆ. ಒಂದು ಐಜಿಜಿಯಲ್ಲಿ 80-90 ಲೈಸಿನ್ ಇರುತ್ತವೆ, ಮೈತುಂಬಾ ಹರಡಿರುತ್ತವೆ, ಕೆಲವು ಒಳಗೆ ಅಡಗಿರುತ್ತವೆ, ಕೆಲವು ಹೊರಗೆ ಸುಲಭವಾಗಿ ಸಿಗುತ್ತವೆ. ಹಿಡಿಯುವ ತುದಿಯಲ್ಲಿ ಲೈಸಿನ್ ಇಲ್ಲದ ಆಂಟಿಬಾಡಿಗೆ ಬಣ್ಣ ಹಚ್ಚಿದರೂ ಅದು ಆರಾಮಾಗಿ ಕೆಲಸ ಮಾಡುತ್ತದೆ. ತುದಿಯಲ್ಲೇ ಒಂದು ಲೈಸಿನ್ ಇದ್ದು, ಗುರಿಯನ್ನು ಹಿಡಿಯಲು ಅದೇ ಬೇಕಾಗಿದ್ದರೆ, ಎರಡು ಮೂರು ಬಣ್ಣದ ಅಣು ಅಂಟುವಷ್ಟರಲ್ಲಿ ಅರ್ಧ ಕೆಲಸ ಹೋಗಿರುತ್ತದೆ. ಅದಕ್ಕೇ ಒಂದೇ ಪ್ರೋಟೀನನ್ನು ಹಿಡಿಯುವ ಎರಡು ಮೋನೋಕ್ಲೋನಲ್ (ಎಲ್ಲ ಅಣುವೂ ಒಂದೇ ಥರ ಇರುವ) ಆಂಟಿಬಾಡಿಗಳಿಗೆ ಒಂದೇ ದಿನ, ಒಂದೇ ಬಣ್ಣ, ಒಂದೇ ರೀತಿಯಲ್ಲಿ ಹಚ್ಚಿದರೂ ಒಂದು ಬದುಕುತ್ತದೆ, ಇನ್ನೊಂದು ಸಾಯುತ್ತದೆ. ತಂತ್ರ ಸರಿ ಇಲ್ಲ ಅಂತ ಟೆಕ್ನಿಷಿಯನ್ನರನ್ನು ಬೈಯುವ ಮೊದಲು ಇದನ್ನು ಯೋಚಿಸಬೇಕು.

ಮುಂದಿನ ಪ್ರಶ್ನೆ, ಎಷ್ಟು ಬಣ್ಣ? ಒಂದು ಆಂಟಿಬಾಡಿಗೆ ಸರಾಸರಿ ಎಷ್ಟು ಅಣು ಅಂಟಿವೆ ಅನ್ನುವುದನ್ನು ಲೇಬಲಿಂಗ್ ಪ್ರಮಾಣ ಅನ್ನುತ್ತಾರೆ. ಬೆಳಕು ಎಷ್ಟು ಹೀರಿತು ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 280 ನ್ಯಾನೋಮೀಟರಿಗೆ ಪ್ರೋಟೀನ್ ಅಳೆದು, ಬಣ್ಣ ಅತಿ ಜಾಸ್ತಿ ಹೀರುವ ಕಡೆ ಬಣ್ಣ ಅಳೆದು, ಬಣ್ಣವೂ 280ರಲ್ಲಿ ಸ್ವಲ್ಪ ಹೀರುತ್ತದಲ್ಲ, ಅದನ್ನು ಕಳೆದು ಲೆಕ್ಕ ಹಾಕಬೇಕು. ಎಫ್‌ಐಟಿಸಿ ಜಾತಿಗೆ ಸಾಮಾನ್ಯವಾಗಿ 3ರಿಂದ 6 ಒಳ್ಳೆಯದು. ಹತ್ತು ಹಚ್ಚಿದರೆ ಮೂರು ಪಟ್ಟು ಹೊಳೆಯಬೇಕಲ್ವಾ ಅಂತ ಒಬ್ಬ ಹುಡುಗ ಕೇಳಿದ. ಹೊಳೆಯುವುದಿಲ್ಲ. ಬಣ್ಣದ ಅಣುಗಳು ಪಕ್ಕಪಕ್ಕ ಬಂದರೆ ಒಂದು ಹೀರಿದ ಶಕ್ತಿ ಪಕ್ಕದ್ದಕ್ಕೆ ದಾಟುತ್ತದೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ಎಲ್ಲೋ ಬಿಸಿಯಾಗಿ ಹೋಗುತ್ತದೆ. ಹೊಳಪು ಒಂದು ಮಟ್ಟಕ್ಕೆ ಏರಿ ನಿಂತು ಆಮೇಲೆ ಇಳಿಯುತ್ತದೆ. ಕಡು ಕೆಂಪಾಗಿ ಹೊಳೆಯುವ ಸೈ5 ಥರದ ಬಣ್ಣಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಎರಡು ಅಣು ಒಂದಕ್ಕೊಂದು ಅಂಟಿ ಜೋಡಿಯಾದರೆ ಆ ಜೋಡಿ ಹೊಳೆಯುವುದೇ ಇಲ್ಲ ಅನ್ನಬಹುದು. ಹೀರುವಿಕೆಯ ರೇಖೆಯಲ್ಲಿ ಮುಖ್ಯ ಶಿಖರದ ಎಡಕ್ಕೆ ಇರುವ ಭುಜ ಎತ್ತರವಾಗಿದ್ದರೆ ಜೋಡಿಗಳು ಆಗಿವೆ ಅಂತ ಅನುಮಾನ ಪಡಿ.

ಸರಾಸರಿ ಅನ್ನುವುದೇ ಮೋಸದ್ದು. ಬಣ್ಣ ಎಲ್ಲಿ ಬೇಕಾದರೂ ಅಂಟುತ್ತದೆ ಅಂದ ಮೇಲೆ ಬಾಟಲಿಯೊಳಗೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಯಾದೃಚ್ಛಿಕವಾಗಿ ಹಂಚಿದರೆ ಯಾರಿಗೆ ಎಷ್ಟು ಸಿಗುತ್ತದೆ ಅಂತ ಹೇಳುವ ಪ್ವಾಸೋನ್ ಲೆಕ್ಕವನ್ನು ಸುಮ್ನೆ ಹಾಕಿ ನೋಡಿ. ಸರಾಸರಿ 1 ಇದ್ದರೆ ನೂರರಲ್ಲಿ ಸುಮಾರು 37 ಆಂಟಿಬಾಡಿಗೆ ಬಣ್ಣವೇ ಇಲ್ಲ, ಅವು ಗುರಿಯ ಮೇಲೆ ಜಾಗ ಹಿಡಿದು ಕೂರುತ್ತವೆ, ನಮಗೆ ಕಾಣುವುದಿಲ್ಲ. ಸರಾಸರಿ 4 ಇದ್ದರೆ ಬಣ್ಣವಿಲ್ಲದವು ನೂರಕ್ಕೆ ಎರಡು. ಆದರೆ 8 ಅಥವಾ ಅದಕ್ಕಿಂತ ಜಾಸ್ತಿ ಬಣ್ಣ ಹೊತ್ತವು ನೂರಕ್ಕೆ ಐದು ಇರುತ್ತವೆ. ನಿಮ್ಮ ಸ್ಲೈಡ್ ಹಾಳು ಮಾಡುವುದರಲ್ಲಿ ಈ ಐದರ ಪಾಲು ದೊಡ್ಡದು, ಯಾಕೆಂದರೆ ಅವು ಗುರಿಯನ್ನು ಹಿಡಿಯುವುದು ಕಮ್ಮಿ, ಸಿಕ್ಕಿದಲ್ಲಿ ಅಂಟುವುದು ಜಾಸ್ತಿ.

ಅಂಟುವುದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಂಗಾಂಶದ ವಿಷಯದಲ್ಲಿ ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುವುದು. ಲೈಸಿನ್‌ಗೆ ಧನ ಆವೇಶ ಇದೆ. ಬಣ್ಣ ಅಂಟಿದಾಗ ಅದು ಹೋಗುತ್ತದೆ. ಜೊತೆಗೆ ತುಂಬಾ ಬಣ್ಣಗಳಿಗೆ ತಮ್ಮದೇ ಋಣ ಆವೇಶ ಇರುತ್ತದೆ. ಐದಾರು ಬಣ್ಣ ಅಂಟಿದರೆ ಇಡೀ ಆಂಟಿಬಾಡಿಯ ಆವೇಶ ಋಣದ ಕಡೆ ಜಾರುತ್ತದೆ, ಆಗ ಅಂಗಾಂಶದಲ್ಲಿ ಧನ ಆವೇಶ ಇರುವ ಪ್ರೋಟೀನ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಗುರಿ ಇಲ್ಲದಿದ್ದರೂ ಹೋಗಿ ಕೂರುತ್ತದೆ. ಇದಕ್ಕೆ ಹಳೆಯ ಉದಾಹರಣೆ ಇಯೋಸಿನೋಫಿಲ್ ಬಿಳಿ ರಕ್ತಕಣ. ಎಫ್‌ಐಟಿಸಿ ಹಚ್ಚಿದ ಯಾವ ಆಂಟಿಬಾಡಿ ಹಾಕಿದರೂ ಇಯೋಸಿನೋಫಿಲ್ ಹಸಿರಾಗಿ ಹೊಳೆಯುವ ಸಂಭವ ಇದೆ. ಆಶ್ಚರ್ಯವೇನಿಲ್ಲ. ಪೆಥಾಲಜಿಯವರು ದಿನಾ ಬಳಸುವ ಇಯೋಸಿನ್ ಅಂದರೆ ನಾಲ್ಕು ಬ್ರೋಮಿನ್ ಸೇರಿಸಿದ ಫ್ಲೋರೆಸೀನ್. ಅಡಾಲ್ಫ್ ಫಾನ್ ಬಾಯರ್ 1871ರಲ್ಲಿ ಫ್ಲೋರೆಸೀನ್ ಮಾಡಿದರು, ಇಯೋಸಿನ್ ಬಂದಿದ್ದು ಅದರಿಂದಲೇ. ಇಯೋಸಿನ್ ಯಾವ ಕಣಕ್ಕೆ ಅಂಟುತ್ತದೋ ಅದರ ಅಕ್ಕನೂ ಅಲ್ಲಿಗೇ ಹೋಗುತ್ತಾಳೆ. ಅಲರ್ಜಿ ಇದ್ದ ಅಥವಾ ಹುಳುವಿನ ತೊಂದರೆ ಇದ್ದ ರೋಗಿಯ ಅಂಗಾಂಶದಲ್ಲಿ ಇಂಥ ಕಣಗಳು ತುಂಬಿರುತ್ತವೆ. ನೋಡುವವರು ಗುರಿ ಸಿಕ್ಕಿತು ಅಂತ ವರದಿ ಬರೆದರೆ ಮುಗಿಯಿತು.

ಆವೇಶ ಒಂದು ಕಡೆಯಾದರೆ ಇನ್ನೊಂದು ಕಡೆ ನೀರಿಗೆ ಒಗ್ಗದ ಗುಣ. ರೋಡಮೀನ್ ಥರದ ಬಣ್ಣಗಳು ಚಪ್ಪಟೆ, ಎಣ್ಣೆಯ ಸ್ವಭಾವದವು, ಜಾಸ್ತಿ ಹಚ್ಚಿದರೆ ಆಂಟಿಬಾಡಿಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಸ್ಲೈಡಿನಲ್ಲಿ ಚುಕ್ಕೆ ಚುಕ್ಕೆ ಹೊಳಪು ಕಂಡರೆ ಮೊದಲು ಬಾಟಲಿಯನ್ನು ಸೆಂಟ್ರಿಫ್ಯೂಜ್ ಮಾಡಿ, ಮೇಲಿನದ್ದನ್ನು ಮಾತ್ರ ಬಳಸಿ ನೋಡಿ. ಹೊಸ ಬಣ್ಣಗಳಿಗೆ ಸಲ್ಫೋನೇಟ್ ಗುಂಪು ಸೇರಿಸಿ ನೀರಿಗೆ ಒಗ್ಗಿಸಿದ್ದಾರೆ. ಅದರಿಂದ ಗಂಟಾಗುವುದು ಕಮ್ಮಿಯಾಯಿತು, ಆದರೆ ಆವೇಶದ ತೊಂದರೆ ಹಾಗೇ ಉಳಿಯಿತು.

ಅಂಗಾಂಶದ ಸ್ವಂತ ಹೊಳಪಿನ ಬಗ್ಗೆ ಹೇಳಲೇಬೇಕು, ಅದೂ ನಮ್ಮ ಜಿಲ್ಲೆಯಲ್ಲಿ ನಿಂತು. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಸಿಟ್ಟಾಗಬೇಡಿ, ನಾನೂ ಅಡಿಕೆ ತೋಟದ ಮನೆಯವನೇ. ಅಡಿಕೆ ಅಗಿಯುವವರಲ್ಲಿ ಬಾಯಿಯೊಳಗಿನ ಪದರ ಗಟ್ಟಿಯಾಗಿ ಬಾಯಿ ತೆರೆಯಲು ಬಾರದ ಕಾಯಿಲೆ ಬರುತ್ತದೆ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ. ಅದು ಕ್ಯಾನ್ಸರ್‌ಗೆ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದರ ಜಗಳ ಬೇರೆ ದಿನ ಆಡೋಣ. ನಮಗೆ ಇಲ್ಲಿ ಬೇಕಾದ್ದು ಏನೆಂದರೆ, ಆ ಬಾಯಿಯ ತುಂಡಿನಲ್ಲಿ ಕೊಲಾಜನ್ ರಾಶಿ ಬಿದ್ದಿರುತ್ತದೆ, ಕೊಲಾಜನ್ ತಾನಾಗಿಯೇ ನೀಲಿ-ಹಸಿರಾಗಿ ಹೊಳೆಯುತ್ತದೆ, ತುಂಡು ಕೊಳೆಯದಂತೆ ಫಾರ್ಮಲಿನ್ ದ್ರಾವಣದಲ್ಲಿಟ್ಟರೆ ಹೊಳಪು ಇನ್ನೂ ಏರುತ್ತದೆ. ಅಲ್ಲಿ ಎಫ್‌ಐಟಿಸಿ ಹಾಕಿದರೆ ಹಸಿರಿನ ಮೇಲೆ ಹಸಿರು. ಏನೂ ಹಾಕದ ಒಂದು ಸ್ಲೈಡನ್ನು ಪಕ್ಕದಲ್ಲಿ ಇಟ್ಟು ನೋಡದಿದ್ದರೆ ಯಾವುದು ರೋಗಿಯದ್ದು, ಯಾವುದು ನಮ್ಮ ಬಣ್ಣದ್ದು ಅಂತ ಹೇಳಲು ಬರುವುದಿಲ್ಲ.

ಹಾಗಾದರೆ ಕೆಂಪಿಗೆ, ಅದಕ್ಕೂ ಆಚೆಗೆ ಹೋಗಿ ಅನ್ನುತ್ತಾರೆ. ಸರಿ. ಸೈ5 ಅಥವಾ 647 ನ್ಯಾನೋಮೀಟರಿನ ಹತ್ತಿರ ಬೆಳಕು ಹೀರುವ ಬಣ್ಣದಲ್ಲಿ ಅಂಗಾಂಶದ ಹೊಳಪು ಕಮ್ಮಿ. ಆದರೆ ಆ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕ್ಯಾಮೆರಾ ಬೇಕು. ಹಳೆಯ ಮರ್ಕ್ಯುರಿ ದೀಪದಲ್ಲಿ ಆ ಬಣ್ಣವನ್ನು ಎಬ್ಬಿಸುವ ಬೆಳಕೂ ಕಮ್ಮಿ. ಮತ್ತೆ ಜಾಸ್ತಿ ಹಚ್ಚಿದರೆ ಬೇಗ ಮಂಕಾಗುವುದು ಈ ಜಾತಿಯೇ ಅಂತ ಆಗಲೇ ಹೇಳಿದೆನಲ್ಲ. ಒಂದನ್ನು ತಪ್ಪಿಸಲು ಹೋದರೆ ಇನ್ನೊಂದು ಎದುರಾಗುತ್ತದೆ.

ಕಡಲಿನಿಂದ ಬಂದ ಒಂದು ಬಣ್ಣದ ಮಾತೂ ಇದೆ. ಇಲ್ಲೇ ಕಾರವಾರದ ಕೋಡಿಬಾಗದ ಸಾಗರ ಜೀವಶಾಸ್ತ್ರ ವಿಭಾಗದಲ್ಲಿ ಓದಿದವರಿಗೆ ಇದು ಹೊಸದಲ್ಲ. ಕೆಂಪು ಪಾಚಿಗಳಲ್ಲಿ ಫೈಕೋಎರಿಥ್ರಿನ್ ಅನ್ನುವ ಪ್ರೋಟೀನ್ ಇದೆ, ನೀರಿನೊಳಗೆ ಇಳಿದು ಬರುವ ಹಸಿರು ಬೆಳಕನ್ನು ಅದು ಹೀರುತ್ತದೆ. ಆಂಟಿಬಾಡಿಗೆ ಅಂಟಿಸುವ ಬಣ್ಣಗಳಲ್ಲಿ ಅತಿ ಹೊಳಪಿನವುಗಳಲ್ಲಿ ಇದೂ ಒಂದು. ರಕ್ತದ ಕಣಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೆಟ್ರಿಯಲ್ಲಿ ಇದಕ್ಕೆ ರಾಜ ಮರ್ಯಾದೆ. ಆದರೆ ಅದರ ತೂಕ ಸುಮಾರು 2,40,000 ಡಾಲ್ಟನ್, ಹೊರುವ ಆಂಟಿಬಾಡಿಗಿಂತ ಜಾಸ್ತಿ! ಬಿಡಿ ಬಿಡಿಯಾಗಿ ತೇಲುವ ಕಣದ ಹೊರಮೈಗೆ ಅದು ಸುಲಭವಾಗಿ ತಲುಪುತ್ತದೆ. ಫಾರ್ಮಲಿನ್‌ನಿಂದ ಬಿಗಿಯಾದ ಅಂಗಾಂಶದೊಳಗೆ ನುಗ್ಗಲು ಒದ್ದಾಡುತ್ತದೆ, ಮೈಕ್ರೋಸ್ಕೋಪಿನ ಬೆಳಕಿಗೆ ಬೇಗ ಮಾಸುತ್ತದೆ. ಫ್ಲೋದಲ್ಲಿ ಚೆನ್ನಾಗಿದೆ ಅಂತ ಉಳಿದ ಬಾಟಲಿಯನ್ನು ಸ್ಲೈಡಿಗೆ ಹಾಕುವ ಅಭ್ಯಾಸ ತುಂಬಾ ಕಡೆ ಇದೆ. ನನಗಂತೂ ಒಪ್ಪಿಗೆ ಇಲ್ಲ.

ಸ್ವಂತವಾಗಿ ಲೇಬಲ್ ಮಾಡುವವರಿಗೆ ನಮ್ಮ ಮಳೆಗಾಲದ ಬಗ್ಗೆ ಒಂದು ಎಚ್ಚರಿಕೆ. ಎನ್‌ಎಚ್‌ಎಸ್ ಎಸ್ಟರ್‌ಗೆ ನೀರು ಕಂಡರೆ ಆಗುವುದಿಲ್ಲ. ಪಿಎಚ್ 8.6ರ ದ್ರಾವಣದಲ್ಲಿ, 4 ಡಿಗ್ರಿ ತಣ್ಣಗಿದ್ದರೂ, ಅರ್ಧದಷ್ಟು ಹತ್ತು ನಿಮಿಷದಲ್ಲಿ ಕೆಟ್ಟುಹೋಗುತ್ತದೆ. ಅದೇ ಪಿಎಚ್ 7ರಲ್ಲಿ, ಸೊನ್ನೆ ಡಿಗ್ರಿಯಲ್ಲಿ 4-5 ಗಂಟೆ ತಾಳುತ್ತದೆ. ಆದರೆ ಆ ಪಿಎಚ್‌ನಲ್ಲಿ ಲೈಸಿನ್ ಸರಿಯಾಗಿ ಬಣ್ಣ ಹಿಡಿಯುವುದಿಲ್ಲ, ಹಾಗಾಗಿ 8.3ರ ಹತ್ತಿರ ಮಾಡುತ್ತೇವೆ. ಜುಲೈ ತಿಂಗಳ ಕಾರವಾರದಲ್ಲಿ ಫ್ರೀಜರ್‌ನಿಂದ ತೆಗೆದ ಬಾಟಲಿಯನ್ನು ಹಾಗೇ ತೆರೆದರೆ ಒಳಗೋಡೆಯ ಮೇಲೆ ತೇವ ಕೂರುತ್ತದೆ, ಬಣ್ಣ ಅರ್ಧ ಸತ್ತಂತೆ. ಕೋಣೆಯ ಬಿಸಿಗೆ ಬರುವವರೆಗೆ ತೇವ ಹೀರುವ ಡೆಸಿಕೇಟರ್ ಡಬ್ಬಿಯಲ್ಲಿ ಮುಚ್ಚಳ ಬಿಗಿಯಾಗಿಯೇ ಇಡಿ. ಬಣ್ಣ ಕರಗಿಸಲು ಬಳಸುವ ಡಿಎಂಎಸ್‌ಒ ಕೂಡ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ಬಾಟಲಿ ಬೇಡ. ಬೇಸಿಗೆಯಲ್ಲಿ 5 ಬಂದಿದ್ದ ಪ್ರಮಾಣ ಮಳೆಗಾಲದಲ್ಲಿ 2ಕ್ಕೆ ಇಳಿದರೆ ಆಂಟಿಬಾಡಿಯನ್ನು ದೂರಬೇಡಿ.

ಇನ್ನೊಂದು. ಆಂಟಿಬಾಡಿ ಬರುವ ದ್ರಾವಣದಲ್ಲಿ ಟ್ರಿಸ್, ಗ್ಲೈಸಿನ್, ಬಿಎಸ್‌ಎ ಪ್ರೋಟೀನ್ ಇದ್ದರೆ, ಅವಕ್ಕೂ ಲೈಸಿನ್‌ನಂತೆ ಬಣ್ಣ ಅಂಟುವುದರಿಂದ, ಬಣ್ಣವೆಲ್ಲ ಅವಕ್ಕೆ ಹೋಗುತ್ತದೆ. ಮೊದಲು ದ್ರಾವಣ ಬದಲಾಯಿಸಿ. ಕೆಲಸ ಆದ ಮೇಲೆ ಅಂಟದೆ ಉಳಿದ ಬಣ್ಣವನ್ನು ಜೆಲ್ ಕಾಲಮ್ಮಿನಲ್ಲಿ ತೆಗೆಯಿರಿ, ಇಲ್ಲದಿದ್ದರೆ ಅದೇ ಹೋಗಿ ಅಂಗಾಂಶಕ್ಕೆ ಬಡಿಯುತ್ತದೆ, ಲೆಕ್ಕದಲ್ಲೂ ಪ್ರಮಾಣ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಇಷ್ಟು ಕೇಳಿದ ಮೇಲೆ ನೇರವಾಗಿ ಬಣ್ಣ ಹಚ್ಚಿದ ಆಂಟಿಬಾಡಿಯೇ ಬೇಡ ಅನಿಸಬಹುದು. ಹಾಗಿಲ್ಲ. ರೇಬೀಸ್ ನೋಡಿ. ಸತ್ತ ನಾಯಿಯ ಮಿದುಳಿನ ಅಚ್ಚನ್ನು ಗಾಜಿನ ಮೇಲೆ ತೆಗೆದು, ಅಸಿಟೋನ್‌ನಲ್ಲಿ ಹದ ಮಾಡಿ, ಎಫ್‌ಐಟಿಸಿ ಹಚ್ಚಿದ ಆಂಟಿಬಾಡಿ ಹಾಕಿದರೆ ವೈರಸ್ ಇರುವಲ್ಲಿ ಹಸಿರು ಚುಕ್ಕೆಗಳು ಹೊಳೆಯುತ್ತವೆ. 1958ರಲ್ಲಿ ಬಂದ ವಿಧಾನ, ಇವತ್ತಿಗೂ ಜಗತ್ತಿನ ಎಲ್ಲ ಕಡೆ ನಂಬುವ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ರೇಬೀಸ್ ಕೆಲಸಕ್ಕೆ ಹೆಸರಾದ ಜಾಗ. ರೇಬೀಸ್ ತಗುಲಿದ ಮಿದುಳಿನಲ್ಲಿ ಗುರಿ ರಾಶಿ ರಾಶಿ ಇರುತ್ತದೆ, ಆಂಟಿಬಾಡಿ ಸ್ವಲ್ಪ ಬಲ ಕಳೆದುಕೊಂಡರೂ ನಡೆಯುತ್ತದೆ. ಹಾಗಿದ್ದರೂ ಹೊಸ ಬಾಟಲಿ ಬಂದಾಗಲೆಲ್ಲ ಎಷ್ಟು ತೆಳುವಾಗಿಸಿ ಬಳಸಬೇಕು ಅಂತ ಪ್ರತಿ ಲ್ಯಾಬೂ ತಾನೇ ಪರೀಕ್ಷೆ ಮಾಡಿ ತಿಳಿಯಬೇಕು ಅನ್ನುವುದು ನಿಯಮ. ಸ್ಲೈಡಿನ ಮೇಲೆ ಹಾಕುವ ಗ್ಲಿಸರಾಲ್‌ನ ಪಿಎಚ್ ಕೂಡ 8.5ರಿಂದ 9ರ ನಡುವೆ ಇರಬೇಕು, ಯಾಕೆಂದರೆ ಪಿಎಚ್ ಇಳಿದರೆ ಫ್ಲೋರೆಸೀನ್ ಮಂಕಾಗುತ್ತದೆ. ಪೆಂಫಿಗಸ್‌ನಂಥ ಚರ್ಮದ ಕಾಯಿಲೆಗಳಲ್ಲಿ, ಕಿಡ್ನಿ ಬಯಾಪ್ಸಿಯಲ್ಲಿ ಕೂಡ ನೇರ ವಿಧಾನವೇ ನಡೆಯುವುದು.

ಗುರಿ ಕಮ್ಮಿ ಇದ್ದಲ್ಲಿ ಮಾತ್ರ ನಾನು ಎರಡು ಹಂತದ ದಾರಿ ಹಿಡಿಯುತ್ತೇನೆ. ಮೊದಲ ಆಂಟಿಬಾಡಿಗೆ ಬಣ್ಣ ಬೇಡ, ಅದು ತನ್ನ ಕೆಲಸ ಮಾಡಲಿ. ಅದನ್ನು ಹಿಡಿಯುವ ಎರಡನೇ ಆಂಟಿಬಾಡಿಗೆ ಬಣ್ಣ ಹಚ್ಚಿ. ಎರಡನೆಯದು ಸಾಮಾನ್ಯವಾಗಿ ಪಾಲಿಕ್ಲೋನಲ್, ಅಂದರೆ ನಾನಾ ಥರದವುಗಳ ಗುಂಪು. ಬಣ್ಣದಿಂದ ಕೆಲವು ಸತ್ತರೂ ಉಳಿದವು ಕೆಲಸ ಮಾಡುತ್ತವೆ, ಒಂದರ ಮೇಲೆ ನಾಲ್ಕೈದು ಕೂತು ಹೊಳಪೂ ಏರುತ್ತದೆ. ಆದರೆ ಇಲಿಯಿಂದ ಪಡೆದ ಎರಡು ಆಂಟಿಬಾಡಿಗಳನ್ನು ಒಟ್ಟಿಗೆ ಬಳಸುವಾಗ ಇದು ಕಷ್ಟ, ಎರಡನೆಯದು ಎರಡನ್ನೂ ಹಿಡಿದುಬಿಡುತ್ತದೆ. ಆಗ ನೇರ ಲೇಬಲ್ ಬೇಕೇ ಬೇಕು. ಹಿಂಬದಿಯ ಸಕ್ಕರೆ ಸರಪಳಿಗೆ ಮಾತ್ರ ಬಣ್ಣ ಅಂಟಿಸುವ ಕಿಟ್‌ಗಳು ಬಂದಿವೆ, ಹಿಡಿಯುವ ಕೈಗಳು ಸೇಫ್. ಬೆಲೆ ಜಾಸ್ತಿ, ಅಷ್ಟೇ.

ನೇರ ಲೇಬಲ್ ಬಳಸುವುದಾದರೆ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಒಂದು ಸ್ಲೈಡಿಗೆ ಬಣ್ಣವಿಲ್ಲದ ಅದೇ ಆಂಟಿಬಾಡಿಯನ್ನು ಧಾರಾಳವಾಗಿ ಹಾಕಿ ಗುರಿಯನ್ನೆಲ್ಲ ಮುಚ್ಚಿಬಿಡಿ. ಆಮೇಲೆ ಬಣ್ಣದ್ದನ್ನು ಹಾಕಿ. ಹೊಳಪು ಹೋದರೆ ನಿಮ್ಮ ಹೊಳಪು ನಿಜ. ಹೋಗದೆ ಉಳಿದದ್ದು ಎಷ್ಟೋ ಅಷ್ಟು ಬಣ್ಣದ ಅಂಟು ಮತ್ತು ಅಂಗಾಂಶದ ಸ್ವಂತ ಹೊಳಪು. ಐಸೋಟೈಪ್ ಕಂಟ್ರೋಲ್ (ಅದೇ ಜಾತಿಯ, ಆದರೆ ಈ ಗುರಿಯನ್ನು ಹಿಡಿಯದ ಆಂಟಿಬಾಡಿ) ಹಾಕುತ್ತೇವೆ ಸಾರ್ ಅಂತ ಹೇಳುವವರಿಗೆ ನನ್ನ ಪ್ರಶ್ನೆ, ಆ ಕಂಟ್ರೋಲ್‌ನ ಲೇಬಲಿಂಗ್ ಪ್ರಮಾಣ ನಿಮ್ಮ ಆಂಟಿಬಾಡಿಯದ್ದಕ್ಕೆ ಸಮ ಇದೆಯಾ? ಅದು 2, ಇದು 7 ಆಗಿದ್ದರೆ ಏನನ್ನೂ ಹೋಲಿಸಿದ ಹಾಗಾಗಲಿಲ್ಲ.

ಪ್ರಶ್ನೆಗಳಿಗೆ ಬರೋಣ. ಸಿದ್ದಾಪುರದ ಕಡೆಯವರೊಬ್ಬರು ಮಂಗನ ಕಾಯಿಲೆಯ ಪರೀಕ್ಷೆಯಲ್ಲೂ ಇದೇ ತೊಂದರೆ ಇದೆಯಾ ಅಂತ ಕೇಳಿದರು. ಆ ಕಾಯಿಲೆಗೆ ಈಗ ರಕ್ತದಿಂದ ಆರ್‌ಟಿ-ಪಿಸಿಆರ್ ಮತ್ತು ಐಜಿಎಂ ಎಲೈಸಾ (ರೋಗಿಯ ರಕ್ತದಲ್ಲಿ ಐಜಿಎಂ ಜಾತಿಯ ಆಂಟಿಬಾಡಿ ಹುಡುಕುವ ಪರೀಕ್ಷೆ) ಮಾಡುತ್ತಾರೆ. ಎಲೈಸಾದಲ್ಲಿ ಹೊಳೆಯುವ ಬಣ್ಣದ ಬದಲು ಸಾಮಾನ್ಯವಾಗಿ ಪೆರಾಕ್ಸಿಡೇಸ್ ಕಿಣ್ವ ಅಂಟಿಸುತ್ತಾರೆ, ಅದರ ತೂಕ ಸುಮಾರು 44,000 ಡಾಲ್ಟನ್. ಎಲ್ಲಿ ಅಂಟಿತು, ಎಷ್ಟು ಅಂಟಿತು ಅನ್ನುವ ಪ್ರಶ್ನೆ ಅಲ್ಲೂ ಇದೆ. ಆದರೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೊಲಾಜನ್ ಇಲ್ಲ, ಇಯೋಸಿನೋಫಿಲ್ ಇಲ್ಲ, ತೊಳೆಯುವುದೂ ಸುಲಭ.

ಇನ್ನೊಬ್ಬರದ್ದು ಪ್ರಾಯೋಗಿಕ ಪ್ರಶ್ನೆ. ಇಲ್ಲಿಂದ ಚರ್ಮದ ಬಯಾಪ್ಸಿಯನ್ನು ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೋ ಕೆಳಗೆ ಮಣಿಪಾಲಕ್ಕೋ ಕಳಿಸುತ್ತೇವೆ, ಹೋಗುವಷ್ಟರಲ್ಲಿ ಹಾಳಾಗುತ್ತದಾ? ತುಂಡನ್ನು ಎರಡು ಮಾಡಿ. ಒಂದು ಫಾರ್ಮಲಿನ್‌ಗೆ, ಸಾಮಾನ್ಯ ಪೆಥಾಲಜಿಗಾಗಿ. ಫ್ಲೋರೊಸೆಂಟ್ ಪರೀಕ್ಷೆಗೆ ಹೋಗುವ ತುಂಡು ಮಿಶೆಲ್ ದ್ರಾವಣಕ್ಕೆ, ಅದರಲ್ಲಿ ಐಸ್ ಇಲ್ಲದೆಯೂ ಕೆಲವು ದಿನ ತಾಳುತ್ತದೆ. ಎರಡು ಡಬ್ಬಿಗಳ ಮುಚ್ಚಳಕ್ಕೆ ಬೇರೆ ಬೇರೆ ಬಣ್ಣದ ಟೇಪ್ ಹಾಕಿ, ಹೆಸರನ್ನು ಮುಚ್ಚಳದ ಮೇಲೆ ಬರೆಯದೆ ಡಬ್ಬಿಯ ಮೈಮೇಲೆ ಬರೆಯಿರಿ. ಅದಲುಬದಲಾಗಿ ಈ ತುಂಡು ಫಾರ್ಮಲಿನ್‌ಗೆ ಬಿದ್ದರೆ ಆ ಕಡೆಯ ಲ್ಯಾಬಿನಲ್ಲಿ ಎಷ್ಟು ಒಳ್ಳೆಯ ಆಂಟಿಬಾಡಿ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ, ರೋಗಿಯನ್ನು ಮತ್ತೆ ಕರೆಸಬೇಕಾಗುತ್ತದೆ.